ಮಿಕ್ಕಿದ್ದಕ್ಕೂ ಬೇಕಾದ್ದಕ್ಕೂ ನಡುವಿನ ದಾರಿ

ಫುಡ್ ಬ್ಯಾಂಕಿನಲ್ಲಿ ಕೆಲಸ ಎಂದರೆ ಊರಿನ ಬಂಧುಗಳು ಮೊದಲು ಕೇಳುವುದು, ‘ದಿನಕ್ಕೆ ಎಷ್ಟು ಜನಕ್ಕೆ ಅಡುಗೆ ಮಾಡ್ತೀರಿ?’ ಎಂದು. ಧರ್ಮಸ್ಥಳದ, ಸಿದ್ಧಗಂಗೆಯ ಪಂಕ್ತಿಯಲ್ಲಿ ಕೂತು ಉಂಡವರಿಗೆ ಅನ್ನದಾನ ಎಂದರೆ ಎಲೆ ಹಾಕಿ ಬಡಿಸುವುದೇ ಕಣ್ಣಿಗೆ ಕಟ್ಟುತ್ತದೆ, ಪ್ರಶ್ನೆ ಸಹಜ. ಆದರೆ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆಯಲ್ಲಿ, ಜಗತ್ತು ಸಿಲಿಕಾನ್ ವ್ಯಾಲಿ ಎಂದು ಕರೆಯುವ ಈ ಸೀಮೆಯಲ್ಲಿ, ನಾನು ಕೆಲಸ ಮಾಡುವ ಕಟ್ಟಡದಲ್ಲಿ ಒಲೆಯೇ ಇಲ್ಲ. ಟ್ರಕ್ಕುಗಳು ಹಿಂದಕ್ಕೆ ಬಂದು ಆತುಕೊಳ್ಳುವ ಬಾಗಿಲುಗಳಿವೆ, ಸೂರು ಮುಟ್ಟುವ ಕಬ್ಬಿಣದ ಅಟ್ಟಗಳಿವೆ, ಮನೆಯಷ್ಟು ದೊಡ್ಡ ಶೀತಲ ಕೋಣೆಗಳಿವೆ, ಇಡೀ ದಿನ ಓಡಾಡುವ ಫೋರ್ಕ್‌ಲಿಫ್ಟ್‌ಗಳಿವೆ. ಈರುಳ್ಳಿ ಆರಿಸಲು ಸ್ವಯಂಸೇವಕಿಯಾಗಿ ಬಂದವಳು ಇಲ್ಲೇ ಉಳಿದೆ. ಈಗ ಯಾವ ಟ್ರಕ್ಕು ಯಾವ ದಿನ ಎಲ್ಲಿಗೆ ಹೋಗಬೇಕು ಎಂದು ಗೊತ್ತುಮಾಡುವುದು ನನ್ನ ಕೆಲಸ. ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1. ಇದೊಂದು ಸಗಟು ಮಂಡಿ

ಫುಡ್ ಬ್ಯಾಂಕ್ ಜನರ ಕೈಗೆ ನೇರವಾಗಿ ಕೊಡುವುದು ಕಡಿಮೆ. ಎಪಿಎಂಸಿ ಯಾರ್ಡಿನ ಮಂಡಿಯ ಹಾಗೆ ಅದು ರಾಶಿಯಲ್ಲಿ ತರಿಸುತ್ತದೆ, ವಿಂಗಡಿಸುತ್ತದೆ, ಚಿಲ್ಲರೆ ಹಂಚುವವರಿಗೆ ಕಳಿಸುತ್ತದೆ. ಆ ಹಂಚುವವರು ಚರ್ಚು, ಗುರುದ್ವಾರ, ಶಾಲೆ, ಹಿರಿಯರ ಕೇಂದ್ರ, ಸಮುದಾಯ ಭವನಗಳಲ್ಲಿ ನಡೆಯುವ ‘ಪ್ಯಾಂಟ್ರಿ’ಗಳು. ಅಮೆರಿಕದಲ್ಲಿ ‘ಫೀಡಿಂಗ್ ಅಮೆರಿಕ’ ಎಂಬ ಒಕ್ಕೂಟದಡಿ ಸುಮಾರು 200 ಪ್ರಾದೇಶಿಕ ಫುಡ್ ಬ್ಯಾಂಕುಗಳಿವೆ. ಅವುಗಳನ್ನು ನೆಚ್ಚಿಕೊಂಡ ಪ್ಯಾಂಟ್ರಿ, ಊಟದ ಕೇಂದ್ರಗಳು ಸುಮಾರು 60 ಸಾವಿರ. ಯಾವ ಕೌಂಟಿ ಯಾರ ಪಾಲಿಗೆ ಎಂಬುದು ಮೊದಲೇ ಗೊತ್ತಾಗಿರುವುದರಿಂದ ಒಬ್ಬರ ಸೀಮೆಯಲ್ಲಿ ಇನ್ನೊಬ್ಬರು ಕೈಹಾಕುವುದಿಲ್ಲ.

ಇದರ ಮೂಲ ಅರಿಜೋನಾದ ಫೀನಿಕ್ಸ್ ನಗರ. ವ್ಯಾಪಾರದಿಂದ ನಿವೃತ್ತರಾಗಿದ್ದ ಜಾನ್ ವಾನ್ ಹೆಂಗೆಲ್ ಅಲ್ಲಿನ ಒಂದು ಉಚಿತ ಊಟದ ಕೇಂದ್ರದಲ್ಲಿ ಸೇವೆ ಮಾಡುತ್ತಿದ್ದರು. ಹತ್ತು ಮಕ್ಕಳ ತಾಯಿಯೊಬ್ಬಳು ತಾನು ದಿನಸಿ ಅಂಗಡಿಯ ಹಿಂದಿನ ಕಸದ ತೊಟ್ಟಿಯಿಂದ ತಿನ್ನುವ ಪದಾರ್ಥ ಆರಿಸಿ ಮಕ್ಕಳನ್ನು ಸಾಕುತ್ತಿದ್ದೇನೆ ಎಂದು ಅವರಿಗೆ ಹೇಳಿದಳು. ದುಡ್ಡಿಡಲು ಬ್ಯಾಂಕಿರುವಂತೆ, ಎಸೆಯುವ ಆಹಾರ ಇಟ್ಟು ಬೇಕಾದವರು ತೆಗೆದುಕೊಳ್ಳಲು ಒಂದು ಜಾಗ ಇದ್ದಿದ್ದರೆ ಎಂದವಳೂ ಅವಳೇ. ಸೇಂಟ್ ಮೇರಿಸ್ ಚರ್ಚು 3,000 ಡಾಲರ್ ಮತ್ತು ಒಂದು ಹಳೆಯ ಕಟ್ಟಡ ಕೊಟ್ಟಿತು. 1967ರಲ್ಲಿ ಹೀಗೆ ಶುರುವಾದ ಸೇಂಟ್ ಮೇರಿಸ್ ಫುಡ್ ಬ್ಯಾಂಕ್ ಮೊದಲ ವರ್ಷದಲ್ಲೇ 2 ಲಕ್ಷ 75 ಸಾವಿರ ಪೌಂಡ್, ಅಂದರೆ ಸುಮಾರು 125 ಟನ್ ಆಹಾರ ಹಂಚಿತು. ಅಂಗಡಿಯ ಹಿಂಬಾಗಿಲಲ್ಲಿ ಏನೇನು ಬೀಳುತ್ತದೆ ಎಂದು ಹಸಿದಿದ್ದ ಆ ತಾಯಿಗೆ ಗೊತ್ತಿತ್ತು. ಹೊಸ ಯೋಜನೆ ಹಾಕುವಾಗ ಸಾಲಿನಲ್ಲಿ ನಿಲ್ಲುವವರನ್ನು ಮೊದಲು ಕೇಳಬೇಕು ಎಂದು ನಾನು ಹಟ ಹಿಡಿಯುವುದು ಆ ಕಾರಣಕ್ಕೆ.

ಮಂಡಿ ಎಂದು ಒಪ್ಪಿಕೊಂಡರೆ ಕೇಳುವ ಪ್ರಶ್ನೆಗಳೂ ಬದಲಾಗುತ್ತವೆ. ಹೊಸ ಪ್ಯಾಂಟ್ರಿ ತೆರೆಯಬೇಕೆಂದು ಒಳ್ಳೆಯ ಮನಸ್ಸಿನ ಜನ ಬಂದರೆ ನಾನು ಕೇಳುವುದು ಇಷ್ಟು: ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತೀರಿ? ಫ್ರಿಜ್ ಎಷ್ಟು ದೊಡ್ಡದು? ಬೀಗದ ಕೈ ಯಾರ ಹತ್ತಿರ ಇರುತ್ತದೆ? ಮಳೆ ಬಂದರೆ ಸಾಲು ಎಲ್ಲಿ ನಿಲ್ಲುತ್ತದೆ? ಇವಕ್ಕೆ ಉತ್ತರವಿದ್ದರೆ ಆಹಾರ ಹೊಂದಿಸುವುದು ದೊಡ್ಡದಲ್ಲ.

2. ಡಬ್ಬಿಗಿಂತ ಡಾಲರ್ ಹೆಚ್ಚು ದೂರ ಹೋಗುತ್ತದೆ

ಶಾಲೆ ಮಕ್ಕಳು, ಆಫೀಸಿನವರು ರಟ್ಟಿನ ಪೆಟ್ಟಿಗೆಯಲ್ಲಿ ಡಬ್ಬಿಗಳನ್ನು ತುಂಬಿ ತರುವ ಚಿತ್ರ ಎಲ್ಲರೂ ನೋಡಿರುತ್ತಾರೆ. ನಮ್ಮ ಗೋದಾಮಿಗೆ ಬರುವ ಸರಕಿನಲ್ಲಿ ಅದರ ಪಾಲು ಬಹಳ ಸಣ್ಣದು. ದೊಡ್ಡ ಬಾಗಿಲುಗಳು ಬೇರೆ. ಒಂದು, ಸೂಪರ್‌ಮಾರ್ಕೆಟ್ಟುಗಳು. ಎರಡು, ತೋಟ ಮತ್ತು ಪ್ಯಾಕಿಂಗ್ ಮನೆಗಳು. ಮೂರು, ಕೇಂದ್ರ ಸರ್ಕಾರದ ಕೃಷಿ ಇಲಾಖೆ. ನಾಲ್ಕು, ನಾವೇ ಸಗಟಿನಲ್ಲಿ ಕೊಳ್ಳುವುದು.

ತೋಟದ ಬಾಗಿಲು ನನಗೆ ಅತ್ಯಂತ ಪ್ರಿಯ. ಅಂಗಡಿಗೆ ಹೋಗುವ ಗಜ್ಜರಿ ನೆಟ್ಟಗಿರಬೇಕು, ಪೀಚ್ ಒಂದೇ ಗಾತ್ರ ಇರಬೇಕು, ಕಿತ್ತಳೆ ಸಿಪ್ಪೆಯ ಮೇಲೆ ಗಾಳಿಯ ಗೀರು ಇರಬಾರದು. ಈ ಪರೀಕ್ಷೆಯಲ್ಲಿ ಬಿದ್ದದ್ದು ರುಚಿಯಲ್ಲಾಗಲಿ ಪೋಷಣೆಯಲ್ಲಾಗಲಿ ಏನೂ ಕಡಿಮೆಯಿಲ್ಲ. ಆದರೆ ಕೊಯ್ಯುವ ಕೂಲಿ, ಪೆಟ್ಟಿಗೆಯ ಬೆಲೆ ಹುಟ್ಟದಿದ್ದರೆ ರೈತ ಅದನ್ನು ಹೊಲದಲ್ಲೇ ಉತ್ತುಬಿಡುತ್ತಾನೆ. ಟೊಮೇಟೊ ಬೆಲೆ ಬಿದ್ದಾಗ ಕೋಲಾರದ ರೈತ ರಸ್ತೆ ಬದಿಗೆ ಸುರಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾಲಿಫೋರ್ನಿಯಾದ ಫುಡ್ ಬ್ಯಾಂಕುಗಳ ಒಕ್ಕೂಟ ನಡೆಸುವ ‘ಫಾರ್ಮ್ ಟು ಫ್ಯಾಮಿಲಿ’ ಯೋಜನೆ ಈ ಕಗ್ಗಂಟನ್ನು ಸರಳವಾಗಿ ಬಿಡಿಸಿತು. ಹಣ್ಣು ತರಕಾರಿಯನ್ನು ದಾನವಾಗಿ ಪಡೆದು, ಕೊಯ್ದು ತುಂಬುವ ಖರ್ಚನ್ನು ಮಾತ್ರ ಪೌಂಡಿಗೆ ಕೆಲವು ಸೆಂಟ್‌ಗಳ ಲೆಕ್ಕದಲ್ಲಿ ಕೊಡುವುದು. ರೈತನಿಗೆ ನಷ್ಟವಿಲ್ಲ, ನಮಗೆ ಟ್ರಕ್ಕುಗಟ್ಟಲೆ ತಾಜಾ ಮಾಲು. ನೀವು ಅಂಗಡಿಯಲ್ಲಿ ಒಂದು ಡಾಲರಿಗೆ ಕೊಂಡು ತಂದ ಬಟಾಣಿ ಡಬ್ಬಿ ಒಂದೇ ಡಬ್ಬಿ. ಅದೇ ಡಾಲರನ್ನು ನಮಗೆ ಕೊಟ್ಟರೆ ಹಲವು ಪೌಂಡ್ ತರಕಾರಿ ಹೊಲದಿಂದ ಊಟದ ಮೇಜಿಗೆ ಬರುತ್ತದೆ. ಡಬ್ಬಿ ತಂದವರ ಮನಸ್ಸು ನೋಯಿಸದೆ ಇದನ್ನು ಹೇಳಲು ಕಲಿಯಬೇಕು, ಆದರೆ ಹೇಳಲೇಬೇಕು.

ಸೂಪರ್‌ಮಾರ್ಕೆಟ್ಟಿನ ಬಾಗಿಲಿಗೆ ಈಗ ಕಾನೂನಿನ ಬಲವಿದೆ. ಕ್ಯಾಲಿಫೋರ್ನಿಯಾದ ಎಸ್‌ಬಿ 1383 ಎಂಬ ಶಾಸನ 2022ರ ಜನವರಿಯಿಂದ ದೊಡ್ಡ ದಿನಸಿ ಅಂಗಡಿಗಳಿಗೂ ಸಗಟು ವಿತರಕರಿಗೂ, 2024ರ ಜನವರಿಯಿಂದ ದೊಡ್ಡ ಹೋಟೆಲ್, ಆಸ್ಪತ್ರೆ, ಶಾಲೆಗಳಿಗೂ, ತಿನ್ನಲು ಯೋಗ್ಯವಾದ ಮಿಗುತೆಯನ್ನು ಎಸೆಯದೆ ದಾನ ಮಾಡಬೇಕೆಂದು ಕಡ್ಡಾಯ ಮಾಡಿತು. ಕಾನೂನಿನ ಮೂಲ ಉದ್ದೇಶ ಹಸಿವಲ್ಲ, ಕಸದ ಗುಡ್ಡೆಯಲ್ಲಿ ಕೊಳೆತು ಹುಟ್ಟುವ ಮೀಥೇನ್ ಅನಿಲವನ್ನು ತಗ್ಗಿಸುವುದು. ಹಾಗಾಗಿ ಅಂಗಡಿಯ ಕಸದ ತೊಟ್ಟಿ ಹಗುರವಾದಷ್ಟೂ ನಮ್ಮ ವಿಂಗಡಣೆಯ ಮೇಜು ಭಾರವಾಗುತ್ತದೆ. ಪಡೆಯುವವರ ಫ್ರಿಜ್ಜಿಗೂ ಚಾಲಕರ ಸಂಬಳಕ್ಕೂ ಹಣ ಒದಗಿಸದೆ ಬರೀ ದಾನ ಮಾಡಿ ಎಂದು ಹೇಳುವ ಕಾನೂನು ಅರ್ಧ ಕಾನೂನು ಎಂದೇ ನನ್ನ ಅಭಿಪ್ರಾಯ.

3. ಯಾರಿಗೆ ಏನು ಬೇಕೆಂದು ಅವರನ್ನೇ ಕೇಳಬೇಕು

ಈ ಪಾಠವನ್ನು ಇಡೀ ಫೀಡಿಂಗ್ ಅಮೆರಿಕ ಒಕ್ಕೂಟವೇ ಕಲಿತ ಕಥೆ ಹೇಳುವಂಥದ್ದು. 2005ರವರೆಗೆ ದೊಡ್ಡ ಕಂಪನಿಗಳು ಕೊಟ್ಟ ಟ್ರಕ್ಕುಗಟ್ಟಲೆ ಆಹಾರವನ್ನು ಕೇಂದ್ರ ಕಚೇರಿ ಸರದಿಯ ಪ್ರಕಾರ ಹಂಚುತ್ತಿತ್ತು. ಒಂದು ಸೀಮೆಯಲ್ಲಿ ಬಡವರು ಎಷ್ಟು ಎಂದು ನೋಡಿ ಇಷ್ಟು ಪೌಂಡ್ ಎಂದು ಲೆಕ್ಕ. ನಿಮ್ಮ ಸರದಿ ಬಂದಾಗ ಫೋನ್ ಬರುತ್ತಿತ್ತು, ಒಂದು ಟ್ರಕ್ಕು ಇದೆ, ಬೇಕೋ ಬೇಡವೋ ಎಂದು. ಸಾಗಣೆ ಖರ್ಚು ಪಡೆಯುವವರದು. ನ್ಯಾಯವಾಗಿಯೇ ಕಾಣುವ ಈ ಪದ್ಧತಿಯಲ್ಲಿ ಆಲೂಗಡ್ಡೆಯ ತವರಾದ ಐಡಾಹೊ ರಾಜ್ಯಕ್ಕೇ ಆಲೂಗಡ್ಡೆ ಕಳಿಸುವಂಥ ಅಧ್ವಾನಗಳಾದವು. ಯಾರ ಗೋದಾಮಿನಲ್ಲಿ ಸ್ಥಳೀಯವಾಗಿ ಏನು ತುಂಬಿದೆ, ಏನು ಖಾಲಿಯಾಗಿದೆ ಎಂಬುದು ಕೇಂದ್ರ ಕಚೇರಿಗೆ ಗೊತ್ತಿರಲು ದಾರಿಯೇ ಇರಲಿಲ್ಲ. ಒಂದು ಪೌಂಡ್ ಬೇಳೆಯೂ ಒಂದು ಪೌಂಡ್ ಚಿಪ್ಸೂ ಲೆಕ್ಕದಲ್ಲಿ ಒಂದೇ ಆಗಿತ್ತು.

ಷಿಕಾಗೊ ವಿಶ್ವವಿದ್ಯಾಲಯದ ಕೆನಿಸ್ ಪ್ರೆಂಡರ್‌ಗಾಸ್ಟ್ ಮತ್ತು ಜೊತೆಗಾರ ಅರ್ಥಶಾಸ್ತ್ರಜ್ಞರು ಫುಡ್ ಬ್ಯಾಂಕುಗಳ ಮುಖ್ಯಸ್ಥರ ಜೊತೆ ಕೂತು ಹೊಸ ಏರ್ಪಾಡು ರೂಪಿಸಿದರು. ಪ್ರತಿ ಬ್ಯಾಂಕಿಗೂ ಅದರ ಸೀಮೆಯ ಬಡತನಕ್ಕೆ ತಕ್ಕಂತೆ ‘ಷೇರ್’ ಎಂಬ ನಕಲಿ ನಾಣ್ಯ. ಅದನ್ನು ಹೊರಗೆ ಎಲ್ಲೂ ಖರ್ಚು ಮಾಡಲಾಗದು. ದಿನಕ್ಕೆ ಎರಡು ಬಾರಿ ಟ್ರಕ್ಕುಗಳು ಹರಾಜಿಗೆ ಬರುತ್ತವೆ. ಬೇಕಾದದ್ದಕ್ಕೆ ಬೇಕಾದಷ್ಟು ಷೇರ್ ಕೂಗಬಹುದು. ಆ ದಿನ ಖರ್ಚಾದ ಷೇರುಗಳೆಲ್ಲ ಮತ್ತೆ ಎಲ್ಲರಿಗೂ ಹಂಚಿಕೆಯಾಗುತ್ತವೆ. ಸಣ್ಣ ಬ್ಯಾಂಕುಗಳಿಗೆ ಸಾಲದ ಸೌಲಭ್ಯ ಉಂಟು. ಯಾರಿಗೂ ಬೇಡವಾದ ಸರಕಿಗೆ ಬೆಲೆ ಸೊನ್ನೆಗಿಂತ ಕೆಳಗೂ ಇಳಿಯಬಹುದು. ಆಗ ಸರಕು ಒಯ್ದವರಿಗೇ ಷೇರ್ ಸಿಗುತ್ತದೆ. ಬಡವರ ಆಹಾರವನ್ನು ಹರಾಜು ಹಾಕುವುದೇ ಎಂದು ವಿರೋಧ ಬಂತು. ಮಾರುಕಟ್ಟೆಯನ್ನೇ ನಂಬದ ಹಿರಿಯ ಮುಖ್ಯಸ್ಥರೊಬ್ಬರು ಮೊದಲು ವಿರೋಧಿಸಿ, ಆಮೇಲೆ ಅದರ ಬೆಂಬಲಿಗರಾದರು.

ನಡೆದದ್ದೇನೆಂದರೆ, ಶ್ರೀಮಂತ ನಗರಗಳಲ್ಲಿ ಸ್ಥಳೀಯ ದಾನ ಧಾರಾಳವಾಗಿದ್ದ ಬ್ಯಾಂಕುಗಳು ಷೇರ್ ಕೂಡಿಟ್ಟು ತಮಗೆ ಸಿಗದ ಕಡಲೆಕಾಯಿ ಬೆಣ್ಣೆ, ಪಾಸ್ತಾ, ಸೀರಿಯಲ್‌ನಂಥ ದುಬಾರಿ ಸರಕಿಗೆ ಹಾಕಿದವು. ಏನೂ ಇಲ್ಲದ ಸೀಮೆಯವರು ಅಗ್ಗದ ತರಕಾರಿಯನ್ನು ರಾಶಿರಾಶಿಯಾಗಿ ಕೊಂಡರು. ಕೊಡುವ ಕಂಪನಿಗಳಿಗೂ ತಮ್ಮ ಸರಕು ಬೇಗ ಖಾಲಿಯಾಗುವುದು ಕಂಡು ದಾನದ ಪ್ರಮಾಣ ಹೆಚ್ಚಿತು. ನಮ್ಮ ಕಣಿವೆಯ ಸುತ್ತ ಹಣ್ಣು ತರಕಾರಿಗೆ ಬರವಿಲ್ಲ, ನಮಗೆ ಪ್ರೋಟೀನ್ ಬೇಕು. ಮಿಚಿಗನ್ನಿನ ಚಳಿಗಾಲಕ್ಕೆ ಸೊಪ್ಪು ಬೇಕು. ಇದನ್ನು ಅವರವರೇ ಹೇಳಬೇಕು, ದೂರದಲ್ಲಿ ಕೂತವರು ಊಹಿಸಲಾಗದು.

4. ಮುಚ್ಚಳದ ಮೇಲಿನ ತಾರೀಖನ್ನು ಓದುವುದೇ ಒಂದು ವಿದ್ಯೆ

ಹೊಸ ಸ್ವಯಂಸೇವಕರು ತಾರೀಖು ದಾಟಿದ ಡಬ್ಬಿ ಕಂಡ ಕೂಡಲೇ ಕಸಕ್ಕೆ ಕೈ ಚಾಚುತ್ತಾರೆ. ತಡೆಯಬೇಕು. ಅಮೆರಿಕದಲ್ಲಿ ‘ಬೆಸ್ಟ್ ಬೈ’, ‘ಸೆಲ್ ಬೈ’ ಎಂಬ ತಾರೀಖುಗಳು ಬಹುಪಾಲು ತಯಾರಕರು ತಾವೇ ಹಾಕಿಕೊಂಡವು. ಅವು ಹೇಳುವುದು ರುಚಿ, ಗರಿಗರಿತನದ ಬಗ್ಗೆ. ಕೇಂದ್ರದ ಕಾನೂನು ತಾರೀಖು ಕಡ್ಡಾಯ ಮಾಡಿರುವುದು ಹಸುಗೂಸಿನ ಹಾಲಿನಪುಡಿಗೆ ಮಾತ್ರ. ಅದನ್ನು ತಾರೀಖು ದಾಟಿದ ಮೇಲೆ ನಾವು ಯಾವ ಕಾರಣಕ್ಕೂ ಕೊಡುವುದಿಲ್ಲ. ಉಳಿದಂತೆ ಸರಿಯಾಗಿ ಇಟ್ಟ ಡಬ್ಬಿಯ ಕಡಲೆಕಾಳು ತಾರೀಖು ದಾಟಿ ಎಷ್ಟೋ ತಿಂಗಳು ಚೆನ್ನಾಗಿರುತ್ತದೆ. ಉಬ್ಬಿದ, ತುಕ್ಕು ಹಿಡಿದ, ಅಂಚಿನ ಬೆಸುಗೆಯಲ್ಲಿ ನೆಗ್ಗಿದ ಡಬ್ಬಿಯಾದರೆ ತಾರೀಖು ಎಷ್ಟೇ ಮುಂದಿದ್ದರೂ ಎಸೆಯಬೇಕು. ‘ಸೆಲ್ ಬೈ’ ಎಂಬ ಗೊಂದಲದ ಮಾತನ್ನೇ ಗ್ರಾಹಕರಿಗೆ ಕಾಣದಂತೆ ತೆಗೆಯಬೇಕೆಂದು ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿ 2026ರ ಜುಲೈ 1ರ ಗಡುವು ಕೊಟ್ಟಿತು. ಬಹಳ ಮುಂಚೆ ಆಗಬೇಕಿದ್ದ ಕೆಲಸ ಅದು.

ನಿಜವಾದ ಅಪಾಯ ಇರುವುದು ಉಷ್ಣತೆಯಲ್ಲಿ. ಹಾಲು, ಮಾಂಸ, ಮೊಟ್ಟೆ, ಹೆಚ್ಚಿದ ಹಣ್ಣು 5 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು, ಅಂಗಡಿಯ ಹಿಂಬಾಗಿಲಿನಿಂದ ಪ್ಯಾಂಟ್ರಿಯ ಮೇಜಿನವರೆಗೂ. ಆ ಸರಪಳಿಯ ಒಂದು ಕೊಂಡಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಥರ್ಮಾಮೀಟರ್ ನೋಡಿ ಬರೆದುಕೊಳ್ಳದ ಚಾಲಕನನ್ನು ನಾವು ರಸ್ತೆಗೆ ಬಿಡುವುದಿಲ್ಲ. ಬಡವರಿಗೆ ಕೊಡುವುದಾದರೆ ಸ್ವಲ್ಪ ಆಚೀಚೆ ಆದರೂ ನಡೆದೀತು ಎನ್ನುವ ಮಾತು ಅಪರೂಪಕ್ಕೆ ಕಿವಿಗೆ ಬೀಳುತ್ತದೆ. ಅದನ್ನು ಅಲ್ಲೇ ನಿಲ್ಲಿಸಬೇಕು. ಇನ್ಶೂರೆನ್ಸ್ ಇಲ್ಲದವರಿಗೆ ಒಂದು ದಿನದ ವಾಂತಿಭೇದಿ ಎಂದರೆ ಕೂಲಿಯೂ ಹೋಯಿತು, ಆಸ್ಪತ್ರೆಯ ಬಿಲ್ಲೂ ಬಂತು.

ಕೊಡುವವರ ಭಯಕ್ಕೂ ಮದ್ದುಂಟು. 1996ರ ಬಿಲ್ ಎಮರ್ಸನ್ ಗುಡ್ ಸಮಾರಿಟನ್ ಕಾಯ್ದೆಯ ಪ್ರಕಾರ ಸದ್ಭಾವದಿಂದ ಕೊಟ್ಟ ಆಹಾರದಿಂದ ತೊಂದರೆಯಾದರೂ ಕೊಟ್ಟವರ ಮೇಲೆ ಹೊಣೆ ಬೀಳದು, ತೀರಾ ನಿರ್ಲಕ್ಷ್ಯ ತೋರಿದ್ದರೆ ಅಥವಾ ಬೇಕೆಂದೇ ಕೇಡು ಮಾಡಿದ್ದರೆ ಮಾತ್ರ ಬೇರೆ. ಅಂಗಡಿಯ ಮ್ಯಾನೇಜರ್ ಕೇಸು ಬಿದ್ದರೆ ಎಂದು ಹಿಂಜರಿದಾಗ ಈ ಕಾಯ್ದೆಯ ಒಂದು ಪುಟದ ಸಾರಾಂಶವನ್ನು ಕೈಗಿಡುತ್ತೇನೆ.

5. ಪೌಂಡಿನ ಲೆಕ್ಕ ಹೊಟ್ಟೆಗೆ ತಿಳಿಯದು

ಕೃಷಿ ಇಲಾಖೆಯ ಸರಾಸರಿಯಂತೆ 1.2 ಪೌಂಡ್, ಅಂದರೆ ಸುಮಾರು 544 ಗ್ರಾಂ ಆಹಾರ ಒಂದು ಊಟಕ್ಕೆ ಸಮ. ಫುಡ್ ಬ್ಯಾಂಕುಗಳು ಇಷ್ಟು ಕೋಟಿ ಊಟ ಕೊಟ್ಟೆವು ಎಂದು ಹೇಳುವುದು ಈ ಭಾಗಾಕಾರದಿಂದ. ಸೋಡಾ ಬಾಟಲಿಗೂ ತೂಕವಿದೆ ಎಂಬುದನ್ನು ಮರೆಯಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಬಡವರ ಮನೆಯಲ್ಲೇ ಹೆಚ್ಚು. ಅವರಿಗೆ ಸಕ್ಕರೆ ನೀರು ಕೊಟ್ಟು ಊಟದ ಲೆಕ್ಕಕ್ಕೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. 2020ರಲ್ಲಿ ಪೋಷಣಾ ತಜ್ಞರು ಫುಡ್ ಬ್ಯಾಂಕುಗಳಿಗೆಂದೇ ಒಂದು ಮಾರ್ಗಸೂಚಿ ತಂದರು. ಉಪ್ಪು, ಸಕ್ಕರೆ, ಜಿಡ್ಡು ನೋಡಿ ಪದಾರ್ಥವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ಗುಂಪು ಮಾಡುವುದು. ನನ್ನ ವೇಳಾಪಟ್ಟಿಯಲ್ಲಿ ಹಸಿರು ಸರಕಿನ ಟ್ರಕ್ಕಿಗೇ ಮೊದಲ ಬಾಗಿಲು.

6. ಆರಿಸಿಕೊಳ್ಳುವ ಹಕ್ಕು ಸಾಲಿನಲ್ಲಿ ನಿಂತವರಿಗೂ ಇದೆ

ಮೊದಲೇ ಕಟ್ಟಿದ ಚೀಲವನ್ನು ಕೈಗಿಟ್ಟು ಕಳಿಸುವುದು ಸುಲಭ, ಬೇಗ ಮುಗಿಯುತ್ತದೆ. ಅಂಗಡಿಯ ಹಾಗೆ ಜೋಡಿಸಿಟ್ಟು ಬೇಕಾದ್ದನ್ನು ಆರಿಸಿಕೊಳ್ಳಿ ಎನ್ನುವುದಕ್ಕೆ ಜಾಗ, ಹೊತ್ತು, ಜನ ಎಲ್ಲವೂ ಹೆಚ್ಚು ಬೇಕು. ಎರಡನೆಯದೇ ಸರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಕಟ್ಟಿದ ಚೀಲದಿಂದ ತೆಗೆದು ದಾರಿಯ ಬದಿ ಇಟ್ಟು ಹೋದ ಪದಾರ್ಥಗಳೇ ಅದಕ್ಕೆ ಸಾಕ್ಷಿ. ಒಲೆ ಇಲ್ಲದೆ ಕಾರಿನಲ್ಲೇ ಮಲಗುವವರಿಗೆ ಒಣ ಬೀನ್ಸ್ ಕೊಟ್ಟರೆ ಏನು ಮಾಡಿಯಾರು? ಹಲ್ಲಿಲ್ಲದ ಅಜ್ಜನಿಗೆ ಗಟ್ಟಿ ಸೇಬು?

ಈ ಕಣಿವೆಯ ಹಿರಿಯರ ಕೇಂದ್ರಗಳಲ್ಲಿ ಸ್ಪ್ಯಾನಿಷ್, ವಿಯೆಟ್ನಾಮಿ, ಚೀನಿ ಮಾತುಗಳ ನಡುವೆ ಕನ್ನಡವೂ ಕೇಳುತ್ತದೆ. ಮಗ ಸೊಸೆಯ ಜೊತೆ ಇರಲು ಗ್ರೀನ್ ಕಾರ್ಡ್ ಮೇಲೆ ಬಂದು, ಕೆಲಸ ಹೋಗಿಯೋ ಸಂಸಾರ ಒಡೆದೋ ಮನೆಯ ಲೆಕ್ಕ ತಪ್ಪಿದ ಹಿರಿಯರು. ‘ನಮ್ಮವರು ಯಾರಾದ್ರೂ ನೋಡಿಬಿಟ್ರೆ’ ಎಂಬ ಅಂಜಿಕೆ ಅವರಿಗೆ ಹಸಿವಿಗಿಂತ ದೊಡ್ಡದು. ನಾನು ‘ಬನ್ನಿ ಅಮ್ಮ, ಈ ಸಲ ಬದನೆಕಾಯಿ ಚೆನ್ನಾಗಿ ಬಂದಿದೆ’ ಎಂದು ತರಕಾರಿಯಿಂದ ಮಾತು ಶುರುಮಾಡುತ್ತೇನೆ, ಯಾಕೆ ಬಂದಿರಿ ಎಂಬಲ್ಲಿಂದ ಅಲ್ಲ. ಸಸ್ಯಾಹಾರಿಗಳಿಗೆ ಟ್ಯೂನಾ ಡಬ್ಬಿ, ಹಂದಿಮಾಂಸ ಬೆರೆತ ಬೀನ್ಸ್ ಡಬ್ಬಿ ಯಾವುದಕ್ಕೂ ಬಾರದು. ಅದರ ಬದಲು ಕಡಲೆಕಾಳು, ರಾಜ್ಮಾ, ಅಕ್ಕಿ, ಎಲೆಕೋಸು, ಹಾಲು ಇದ್ದರೆ ಅವರ ವಾರ ಸಾಗುತ್ತದೆ. 60 ದಾಟಿದ ಬಡವರಿಗೆ ಕೇಂದ್ರ ಸರ್ಕಾರ ತಿಂಗಳಿಗೊಮ್ಮೆ ಕೊಡುವ ಪೆಟ್ಟಿಗೆಯಲ್ಲಿ ಕಡಲೆಕಾಯಿ ಬೆಣ್ಣೆ ಇರುವುದುಂಟು. ಅದನ್ನು ಏನು ಮಾಡುವುದೆಂದು ತಿಳಿಯದೆ ಹಲವರು ವಾಪಸು ಕೊಡುತ್ತಿದ್ದರು. ಹುಬ್ಬಳ್ಳಿ ಕಡೆಯ ಹಿರಿಯ ತಾಯಿಯೊಬ್ಬರು ಅದನ್ನೇ ಎಣ್ಣೆಗಾಯಿಯ ಮಸಾಲೆಗೆ ಕಲಸುವುದನ್ನು ಉಳಿದವರಿಗೆ ಹೇಳಿಕೊಟ್ಟರು. ನಮ್ಮ ಅಡುಗೆ ಚೀಟಿಗಳಲ್ಲಿ ಈಗ ಅದೂ ಇದೆ. ಬರೀ ಪಡೆಯುವವರಾಗಿ ಬಂದವರು ಕಲಿಸುವವರಾದಾಗ ಆ ಪ್ಯಾಂಟ್ರಿಯ ಗಾಳಿಯೇ ಬೇರೆ.

7. ಕಾಗದ ಕಡಿಮೆ ಕೇಳಿ

ಸರ್ಕಾರದ ಆಹಾರ ಹಂಚುವಾಗ ಕ್ಯಾಲಿಫೋರ್ನಿಯಾದಲ್ಲಿ ಮನೆಮಂದಿ ಎಷ್ಟು, ವರಮಾನ ಈ ಮಿತಿಯೊಳಗೆ ಇದೆಯೇ ಎಂದು ಜನ ತಾವೇ ಹೇಳಿ ಸಹಿ ಮಾಡಿದರೆ ಸಾಕು. ಇಷ್ಟು ನಂಬಿದರೆ ಮೋಸ ಆಗದೇ ಎಂದು ಕೇಳುವವರಿದ್ದಾರೆ. ಎಲೆಕೋಸಿಗಾಗಿ ಗಂಟೆಗಟ್ಟಲೆ ಬಿಸಿಲಲ್ಲಿ ನಿಲ್ಲುವವರಿಗೆ ಅದು ಬೇಕಾಗಿಯೇ ಇರುತ್ತದೆ. ಕಾಗದ ಕೇಳಿದಷ್ಟೂ ನಿಜವಾಗಿ ಹಸಿದವರು ಹಿಂದೆ ಸರಿಯುತ್ತಾರೆ. 2020ರ ಫೆಬ್ರುವರಿಯಿಂದ 2021ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ ‘ಪಬ್ಲಿಕ್ ಚಾರ್ಜ್’ ನಿಯಮದ ಪ್ರಕಾರ ಸರ್ಕಾರದ ಆಹಾರ ನೆರವು ಪಡೆದರೆ ಗ್ರೀನ್ ಕಾರ್ಡಿಗೆ ಅಡ್ಡಿಯಾಗಬಹುದಿತ್ತು. ಫುಡ್ ಬ್ಯಾಂಕಿನ ಆಹಾರ ಆ ನಿಯಮದೊಳಗೆ ಬರುತ್ತಲೇ ಇರಲಿಲ್ಲ. ಆದರೂ ವಲಸಿಗರು ಹೆಸರು ತೆಗೆಯಿರಿ ಎಂದು ಬೇಡಿಕೊಂಡರು, ಮಕ್ಕಳನ್ನು ಕರೆದುಕೊಂಡು ಬರುವುದನ್ನೇ ಬಿಟ್ಟರು. ನಿಯಮ ಹೋದ ಮೇಲೂ ಭಯ ಹೋಗಲಿಲ್ಲ. ಅವರವರ ಭಾಷೆಯಲ್ಲಿ, ಅವರು ನಂಬುವ ಬಾಯಿಂದ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

8. ಸಾಲಿನ ಉದ್ದವನ್ನು ನೋಡಿ ದೇಶದ ಸ್ಥಿತಿ ಹೇಳಬಹುದು

ತಿಂಗಳ ಕೊನೆಯ ವಾರ ಸಾಲು ಬೆಳೆಯುತ್ತದೆ, ಬಾಡಿಗೆ ಕಟ್ಟಿದ ಮೇಲೆ ಇನ್ನೂ ಬೆಳೆಯುತ್ತದೆ. ನಮ್ಮ ಕಣಿವೆಯ ಸಾನ್ ಹೋಸೆ ನಗರದ ಬಾಡಿಗೆ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಕಂಪನಿಗಳ ಆವರಣ ಗುಡಿಸುವವರು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು, ಟ್ಯಾಕ್ಸಿ ಓಡಿಸುವವರು ಎರಡೆರಡು ಕೆಲಸ ಮಾಡಿಯೂ ನಮ್ಮಲ್ಲಿಗೆ ಬರುತ್ತಾರೆ. ಬೆಟ್ಟದಾಚೆಯ ಸಲಿನಾಸ್ ಕಣಿವೆಯಲ್ಲಿ ದೇಶಕ್ಕೆಲ್ಲ ಸೊಪ್ಪು ಕೊಯ್ದು ಕಳಿಸುವ ಕೂಲಿಗಳೇ ಮಳೆಗಾಲದಲ್ಲಿ ಕೆಲಸ ನಿಂತಾಗ ಅಲ್ಲಿನ ಫುಡ್ ಬ್ಯಾಂಕಿನ ಸಾಲಿನಲ್ಲಿರುತ್ತಾರೆ. 2023ರಲ್ಲಿ ಅಮೆರಿಕದ ಮನೆಗಳಲ್ಲಿ ನೂರಕ್ಕೆ 13.5ರಷ್ಟು ಆಹಾರದ ಭದ್ರತೆ ಇಲ್ಲದವು, ಜನರ ಲೆಕ್ಕದಲ್ಲಿ 4 ಕೋಟಿ 74 ಲಕ್ಷ ಎಂದು ಕೃಷಿ ಇಲಾಖೆಯೇ ಹೇಳಿತು. ಇಷ್ಟು ಬೆಳೆಯುವ ದೇಶದಲ್ಲಿ ಆಹಾರಕ್ಕೆ ಕೊರತೆಯಿಲ್ಲ, ಕೊಳ್ಳುವ ದುಡ್ಡಿಗೆ ಕೊರತೆ.

ಕೆಲವು ಸಾಲುಗಳು ದಿಢೀರನೆ ಹುಟ್ಟುತ್ತವೆ. 2018ರ ಡಿಸೆಂಬರ್ 22ರಿಂದ 35 ದಿನ ಕೇಂದ್ರ ಸರ್ಕಾರದ ಕಚೇರಿಗಳು ಮುಚ್ಚಿದಾಗ ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿ ಸಮವಸ್ತ್ರದಲ್ಲೇ ಫುಡ್ ಬ್ಯಾಂಕುಗಳಿಗೆ ಬಂದರು. 2020ರ ಏಪ್ರಿಲಿನಲ್ಲಿ ಟೆಕ್ಸಸ್ಸಿನ ಸಾನ್ ಆಂಟೋನಿಯೊ ಫುಡ್ ಬ್ಯಾಂಕ್ ನಡೆಸಿದ ಹಂಚಿಕೆಗೆ ಒಂದೇ ದಿನ ಸುಮಾರು 10 ಸಾವಿರ ಕುಟುಂಬಗಳು ಕಾರುಗಳಲ್ಲಿ ಕಾದವು. ಆಗಸದಿಂದ ತೆಗೆದ ಆ ಚಿತ್ರ ಲೋಕವೆಲ್ಲ ನೋಡಿತು. ಲೋಕ ಗಮನಿಸದ ಇನ್ನೊಂದು ಏಟು 2023ರ ಮಾರ್ಚಿನದು. ಕೋವಿಡ್ ಕಾಲದಲ್ಲಿ ಹೆಚ್ಚಿಸಿದ್ದ ಆಹಾರ ನೆರವು ಆಗ ನಿಂತಿತು, ಒಂಟಿ ವೃದ್ಧರಲ್ಲಿ ಕೆಲವರಿಗೆ ತಿಂಗಳಿಗೆ 281 ಡಾಲರ್ ಇದ್ದದ್ದು 23 ಡಾಲರಿಗೆ ಇಳಿಯಿತು. ರೋಗ ಹೋಯಿತೆಂದು ದೇಶ ಸಮಾಧಾನ ಪಡುತ್ತಿದ್ದ ಹೊತ್ತಿಗೆ ನಮ್ಮ ಮೇಜುಗಳು ಮತ್ತೆ ಬೇಗ ಖಾಲಿಯಾಗತೊಡಗಿದವು. ಇಂಥ ನಿಯಮ ಬದಲಾಗುವ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಟ್ಟು, ಎರಡು ತಿಂಗಳು ಮುಂಚೆಯೇ ಅಕ್ಕಿ ಬೇಳೆ ತುಂಬಿಸಿಡುವುದು ಗೋದಾಮಿನ ಕರ್ತವ್ಯ.

9. ಫೆಬ್ರುವರಿಯಲ್ಲಿ ಬನ್ನಿ

ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಹೊತ್ತಿಗೆ ಸ್ವಯಂಸೇವಕರು ತುಂಬಿ ತುಳುಕುತ್ತಾರೆ. ಫೆಬ್ರುವರಿಯಲ್ಲಿ ವಿಂಗಡಣೆಯ ಮೇಜು ಬಣಗುಡುತ್ತದೆ. ಜೂನ್, ಜುಲೈನಲ್ಲಿ ಶಾಲೆ ಮುಚ್ಚಿ ಮಕ್ಕಳಿಗೆ ಅಲ್ಲಿ ಸಿಗುವ ಬೆಳಗಿನ, ಮಧ್ಯಾಹ್ನದ ಊಟ ತಪ್ಪುತ್ತದೆ, ಮನೆಯ ಖರ್ಚು ಏರುತ್ತದೆ. ಅಷ್ಟರಲ್ಲಿ ಕೈ ಕೊಡುವವರು ರಜೆಗೆ ಹೋಗಿರುತ್ತಾರೆ. ಕನ್ನಡ ಕೂಟದ ಗೆಳೆಯರು ಸೇವೆಗೆ ದಿನ ಕೇಳಿದರೆ ರಾಜ್ಯೋತ್ಸವದ ನವೆಂಬರ್ ಬಿಟ್ಟು ಬೇರೆ ತಿಂಗಳು ಆರಿಸಿಕೊಳ್ಳಿ ಎನ್ನುತ್ತೇನೆ.

10. ಒಂಬತ್ತಕ್ಕೆ ಒಂದು

ಫುಡ್ ಬ್ಯಾಂಕುಗಳೆಲ್ಲ ಸೇರಿ ಒಂದು ಊಟ ಕೊಟ್ಟರೆ ಸರ್ಕಾರದ ‘ಸ್ನ್ಯಾಪ್’ ಯೋಜನೆ ಒಂಬತ್ತು ಊಟ ಕೊಡುತ್ತದೆ ಎಂಬುದು ಫೀಡಿಂಗ್ ಅಮೆರಿಕದ್ದೇ ಲೆಕ್ಕ. ಸ್ನ್ಯಾಪ್ ಎಂದರೆ ದಿನಸಿ ಕೊಳ್ಳಲು ಸರ್ಕಾರ ತಿಂಗಳು ತಿಂಗಳು ಕಾರ್ಡಿಗೆ ತುಂಬುವ ಹಣ, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕ್ಯಾಲ್‌ಫ್ರೆಶ್ ಎಂದು ಹೆಸರು. ಈ ಕೆಲಸದಲ್ಲಿ ನಾನು ಕಲಿತ ಅತಿ ಮುಖ್ಯ ಸಂಗತಿ ಇದು. ಸರ್ಕಾರ ಹತ್ತರಲ್ಲಿ ಒಂದು ಪಾಲು ಕೈ ಹಿಂದೆಗೆದರೂ ಅದನ್ನು ತುಂಬಲು ನಾವು ಇದ್ದಕ್ಕಿದ್ದಂತೆ ಸುಮಾರು ಎರಡರಷ್ಟು ದೊಡ್ಡದಾಗಿ ಬೆಳೆಯಬೇಕು. ಆಗದ ಮಾತು. ಅದಕ್ಕೇ ನಮ್ಮ ಸಿಬ್ಬಂದಿಯಲ್ಲಿ ಕೆಲವರ ಕೆಲಸವೇ ಸಾಲಿನಲ್ಲಿ ನಿಂತವರ ಪಕ್ಕ ಕೂತು ಕ್ಯಾಲ್‌ಫ್ರೆಶ್ ಅರ್ಜಿ ತುಂಬಿಸುವುದು. ಒಂದು ಅರ್ಜಿ ಒಪ್ಪಿಗೆಯಾದರೆ ಆ ಕುಟುಂಬ ತನಗೆ ಬೇಕಾದ ಅಂಗಡಿಗೆ ಹೋಗಿ ಬೇಕಾದ ಬೇಳೆ ಕೊಳ್ಳುತ್ತದೆ, ನಮ್ಮ ಟ್ರಕ್ಕಿಗೆ ಕಾಯುವ ಅಗತ್ಯವೇ ಕಡಿಮೆಯಾಗುತ್ತದೆ.

2013ರ ಆಹಾರ ಭದ್ರತಾ ಕಾಯ್ದೆ ಭಾರತದಲ್ಲಿ ಆದ್ಯತಾ ಕುಟುಂಬದ ಪ್ರತಿ ವ್ಯಕ್ತಿಗೂ ತಿಂಗಳಿಗೆ 5 ಕೆ.ಜಿ. ಧಾನ್ಯವನ್ನು ಹಕ್ಕಾಗಿಸಿತು. ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯ ಬಂತು. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರು ತಮ್ಮ ಪಾಲು ಕೇಳುತ್ತಾರೆ, ಕಡಿಮೆ ತೂಗಿದರೆ ಜಗಳವಾಡುತ್ತಾರೆ. ಪ್ಯಾಂಟ್ರಿಯ ಮುಂದೆ ನಿಂತವರಿಗೆ ಆ ಜಗಳದ ಹಕ್ಕು ಇಲ್ಲ, ಕೊಟ್ಟದ್ದಕ್ಕೆ ಧನ್ಯವಾದ ಹೇಳಬೇಕು. ಎರಡನ್ನೂ ಕಂಡವಳಾಗಿ ನನಗೆ ಪಡಿತರ ಚೀಟಿಯ ಮೇಲೆ ಗೌರವ ಹೆಚ್ಚಿದೆ.

11. ಬೆಂಗಳೂರಿನಲ್ಲಿ ಶುರುಮಾಡುವವರಿಗೆ

ರಜೆಗೆ ಬಂದಾಗ, ನಮ್ಮಲ್ಲೂ ಇಂಥದ್ದೊಂದು ಮಾಡಬೇಕು ಎಂದು ಕೇಳುವವರು ಸಿಗುತ್ತಾರೆ. ಕಾನೂನಿನ ದಾರಿ ಈಗ ಇದೆ. ಮಿಕ್ಕ ಆಹಾರವನ್ನು ಪಡೆದು ಹಂಚುವುದಕ್ಕೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮಗಳನ್ನು ಪ್ರಕಟಿಸಿತು, 2020ರ ಜುಲೈನಿಂದ ಅವು ಜಾರಿಯಲ್ಲಿವೆ. ಮೊದಲು ಅವನ್ನು ಓದಿ. ಬೆಂಗಳೂರಿನ ಮಿಗುತೆ ಕ್ಯಾಲಿಫೋರ್ನಿಯಾದ್ದಕ್ಕಿಂತ ಬೇರೆ ಸ್ವಭಾವದ್ದು. ಅಲ್ಲಿ ಅಂಗಡಿಯ ಕಚ್ಚಾ ಸರಕು, ಇಲ್ಲಿ ಹೆಚ್ಚಾಗಿ ಕಲ್ಯಾಣ ಮಂಟಪದ ಮಾಡಿದ ಅಡುಗೆ. ಬೇಯಿಸಿದ ಅನ್ನ ಸಾಂಬಾರಿಗೆ ಸಿಗುವ ಹೊತ್ತು ಕೆಲವೇ ಗಂಟೆ, ಕಾಯಿ ಹಾಕಿದ ಪಲ್ಯಕ್ಕೆ ಅದೂ ಇಲ್ಲ. ಆದ್ದರಿಂದ ಮಂಟಪದ ಅಡುಗೆಯವರ ಜೊತೆ ಮುಹೂರ್ತದ ಹಿಂದಿನ ದಿನವೇ ಮಾತಾಡಿಕೊಳ್ಳಿ, ಬಡಿಸಲು ಒಯ್ಯದೆ ಕೊಪ್ಪರಿಗೆಯಲ್ಲೇ ಉಳಿದದ್ದನ್ನು ಮಾತ್ರ ತನ್ನಿ, ಬಿಸಿಯಾಗಿಯೇ ಮುಚ್ಚಿದ ಪಾತ್ರೆಯಲ್ಲಿ ಸಾಗಿಸಿ. ಎಪಿಎಂಸಿ ಯಾರ್ಡಿನಲ್ಲಿ ಬೆಳಗಿನ ವ್ಯಾಪಾರ ಮುಗಿದ ಮೇಲೆ ಉಳಿಯುವ ತರಕಾರಿ ಇದಕ್ಕಿಂತ ಸುಲಭ, ಅಲ್ಲಿಂದಲೇ ಆರಂಭಿಸಬಹುದು. ಆರತಕ್ಷತೆಯ ಊಟ ಮಿಗುವುದು ರಾತ್ರಿ ಹನ್ನೊಂದಕ್ಕೆ. ಆ ಹೊತ್ತಿಗೆ ಎಚ್ಚರವಿದ್ದು ಉಣ್ಣುವವರು ಎಲ್ಲಿದ್ದಾರೆ, ದೊಡ್ಡಾಸ್ಪತ್ರೆಯ ಜಗಲಿಯಲ್ಲಿ ರೋಗಿಗಳ ಕಡೆಯವರೋ, ರಾತ್ರಿ ಪಾಳಿಯ ಕಟ್ಟಡ ಕೂಲಿಗಳೋ, ಎಷ್ಟು ಮಂದಿ, ಯಾವ ಗೇಟಿನಲ್ಲಿ ಕೊಡಲು ಬಿಡುತ್ತಾರೆ ಎಂದು ಮೊದಲು ನಡೆದು ನೋಡಿ ಬನ್ನಿ. ವ್ಯಾನ್ ಆಮೇಲೆ ಕೊಳ್ಳಿ.